ಹಟ್ಟಿಯ ಮುಂದೆ ತೀರಿದ ಮಾತು

ಸಾಲಕ್ಕೆ ವಾಯಿದೆ ಉಂಟು, ಏಟಿಗೆ ಇಲ್ಲ. ಈ ಮಾತನ್ನು ನನಗೆ ಹೇಳಿದವರು ದಿಂಡಿಗಲ್ಲಿನ ಒಬ್ಬ ವಕೀಲರು. ನನ್ನ ಚಿಕ್ಕಯ್ಯನನ್ನು, ಎಂದರೆ ಅಪ್ಪನ ತಮ್ಮನನ್ನು, ಪೊಲೀಸರು ಹಿಡಿದು ತಂದ ವಾರ ಅದು.

ತಮಿಳು ಸೀಮೆಯಲ್ಲಿ ನೆಲೆಸಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಕುಲದಲ್ಲಿ ಬಿ.ಎ. ಪಾಸು ಮಾಡಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆಯಾಗಿ ಬಂದದ್ದಲ್ಲ. ಪಳನಿಗೆ ಕಾವಡಿ ಹೊತ್ತವರ ಹಿಂದೆ ನಡೆದು ದಿಂಡಿಗಲ್ಲು ಸೇರಿದೆ. ಕಂಡವರ ಮನೆಯ ಬಾವಿಯಲ್ಲಿ ನೀರು ಸೇದಿ, ಅವರ ತಿಣ್ಣೆಯ ಮೇಲೆ ಮಲಗಿ ಓದಿದೆ. ಈ ಕೇಸಿನ ಹೊತ್ತಿಗೆ ಅಲ್ಲೇ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆ. ಊರಿನವರು ಕೋರ್ಟಿನ ಕೆಲಸವೆಂದರೆ ನನ್ನ ಬಾಗಿಲಿಗೇ ಬರುತ್ತಿದ್ದರು.

ನಡೆದದ್ದು ಹಳೆಯದು. ಹನುಮಂತನಪಟ್ಟಿಯ ನಮ್ಮ ಗದ್ದೆಗೆ ನೀರು ತಿರುಗಿಸುವ ಪಾಳಿಯಲ್ಲಿ ಜಗಳವಾಗಿ, ಚಿಕ್ಕಯ್ಯ ನಮ್ಮವನೇ ಆದ ಪಕ್ಕದ ಗದ್ದೆಯವನಿಗೆ ಗುದ್ದಲಿಯ ಕಾವಿನಿಂದ ತಲೆಗೆ ಒಂದು ಏಟು ಹಾಕಿದ್ದ. ಆತ ಬಿದ್ದ, ಎದ್ದ, ನಡೆದೇ ಮನೆಗೆ ಹೋದ, ಉಂಡ. ಮರುದಿನ ಜ್ವರ ಹತ್ತಿತು; ಇಳಿಯಲೇ ಇಲ್ಲ, ಸತ್ತ.

ನಮ್ಮಲ್ಲಿ ಕುಲದ ಮಾತು ತೀರುವುದು ದೇವರ ದನದ ಹಟ್ಟಿಯ ಮುಂದೆ. ಆ ದನಗಳನ್ನು ನಾವು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಹಿರಿಯರು ಕೂತು ಕೇಳಿದರು, ಚಿಕ್ಕಯ್ಯ ಹೊಡೆದದ್ದನ್ನು ಒಪ್ಪಿಕೊಂಡ, ತಲೆ ಬೋಳಿಸಿಕೊಂಡ, ಒಂದು ಕರುವನ್ನು ಹಟ್ಟಿಗೆ ಬಿಟ್ಟ. ಸತ್ತವನ ಹೆಂಡತಿ ಹುಲ್ಲುಕಡ್ಡಿಯ ಒಂದು ತುದಿ ಹಿಡಿದಳು, ಚಿಕ್ಕಯ್ಯ ಇನ್ನೊಂದು ತುದಿ ಹಿಡಿದ. ಕಡ್ಡಿ ಮುರಿಯಿತು, ಮಾತು ತೀರಿತು. ಹಾಗೆ ತೀರಿದ್ದನ್ನು ಯಾರೂ ಮತ್ತೆ ಎತ್ತುವಂತಿಲ್ಲ. ಯಾರಾದರೂ ಕೇಳಿದರೆ ಮಾತ್ರ, ಆದದ್ದನ್ನು ಆದಂತೆ ಹೇಳಬೇಕು. ಅದರಲ್ಲಿ ಸುಳ್ಳು ಬೆರೆಸಿದರೆ ಮುರಿದ ಕಡ್ಡಿ ಮತ್ತೆ ಕೂಡಿಕೊಂಡಂತೆ, ಹಗೆ ಮತ್ತೆ ಹುಟ್ಟಿದಂತೆ.

ಆಮೇಲೆ ಪೆರಿಯಾರ್ ಅಣೆಕಟ್ಟಿನ ನೀರು ನಮ್ಮ ಕಣಿವೆಗೆ ಬಂತು, ನೆಲಕ್ಕೆ ಬೆಲೆ ಬಂತು. ಸತ್ತವನ ಭಾವಮೈದುನ ಬತ್ತಲಗುಂಡಿನಲ್ಲಿ ನೆಲೆಸಿದ್ದವನು. ಅಂದು ಹಟ್ಟಿಯ ಮುಂದೆ ಬಂದವನಲ್ಲ. ಆ ಪಕ್ಕದ ಗದ್ದೆಯ ಗಡಿಯ ತಕರಾರಿನಲ್ಲಿ ಚಿಕ್ಕಯ್ಯನನ್ನು ಬಗ್ಗಿಸಲು ಹಳೆಯ ಸಾವನ್ನು ಹಿಡಿದುಕೊಂಡು ಅರ್ಜಿ ಕೊಟ್ಟ.

ಇಷ್ಟು ವರ್ಷವಾದ ಮೇಲೂ ಕೇಸು ನಿಲ್ಲುತ್ತದೆಯೇ ಎಂದು ನಾನು ವಕೀಲರನ್ನು ಕೇಳಿದೆ. ಸರ್ಕಾರ ಮರೆಯುವುದಿಲ್ಲ ಎಂದರು. ಆದರೆ ಕೈ ಮಾಡಿದ್ದೊಂದೇ ಸಾಲದು, ಮನಸ್ಸು ಏನು ಬಯಸಿತ್ತು ಎಂಬುದನ್ನೂ ಕಾನೂನು ಕೇಳುತ್ತದೆ. ಕೊಲ್ಲುವ ಉದ್ದೇಶವಿರಲಿಲ್ಲ, ಸಾಯುತ್ತಾನೆಂದು ಗೊತ್ತಿರಲಿಲ್ಲ ಎಂದಾದರೆ ಬರಿಯ ಗಾಯದ ಕೇಸು, ಒಂದಷ್ಟು ಕಾಲದ ಜೈಲು. ಉದ್ದೇಶವಿತ್ತೆಂದಾದರೆ ಮಧುರೆಯ ಸೆಷನ್ಸು, ಅಲ್ಲಿಂದಾಚೆಗೆ ಗಲ್ಲು ಇಲ್ಲವೇ ದ್ವೀಪಾಂತರ. ಹೆಣ ನೋಡಿದ ಡಾಕ್ಟರಿಲ್ಲ, ಉದ್ದೇಶಕ್ಕೆ ಇರುವ ಸಾಕ್ಷಿಯೆಲ್ಲ ಚಿಕ್ಕಯ್ಯನ ಬಾಯಿ. ಆರೋಪಿಗೆ ಪ್ರಮಾಣ ಮಾಡಿಸುವುದಿಲ್ಲ, ಬಾಯಿ ಮುಚ್ಚಿಕೊಂಡು ನಿಂತರೂ ಸಾಕು ಎಂದರು.

ನಾನು ಸಬ್‌ಜೈಲಿಗೆ ಹೋಗಿ ಕಂಬಿಯಾಚೆಯಿಂದ ಅದನ್ನೇ ಹೇಳಿದೆ. ಚಿಕ್ಕಯ್ಯ ಗಡ್ಡ ಕೆರೆದುಕೊಳ್ಳುತ್ತಾ ಕೇಳಿಸಿಕೊಂಡ.

"ಗ್ಯಾಪಕ ಇಲ್ಲ ಅನ್ನು, ಚಿಕ್ಕಯ್ಯ. ಅಷ್ಟು ಸಾಕು."

"ನಿನ್ನೆ ಉಂಡದ್ದು ಮರ್ತೇನು, ಇದ ಮರೆಯಾಕಾಯ್ತದಾ? ತೀರಿದ ಮಾತಲ್ಲಿ ಪೊಯ್ ಸೇರಿಸ್ಬಾರ್ದು ತಂಬಿ. ನಾನು ಸುಳ್ಳು ಹೇಳಿ ಆಚೆ ಬಂದ್ರೆ, ನಾಳೆ ಅವನ ಮಕ್ಳೂ ನಮ್ ಮಕ್ಳೂ ಹೊಡ್ಕೊಂಡು ಸಾಯ್ತಾವೆ. ಬಿ.ಎ. ಓದಿದ್ಯಲ್ಲ, ಇದು ಅದ್ರಲ್ಲಿ ಇಲ್ವಾ?"

ಇಲ್ಲ ಎಂದೆ. ಅವನು ನಕ್ಕ.

ವಿಚಾರಣೆಯ ದಿನ ಊರಿನ ಹಿರಿಯರು ಒಗೆದ ಬಟ್ಟೆ ಉಟ್ಟು, ಮದುವೆಗೆ ಬಂದವರಂತೆ ಬಂದರು. ಯಾರೂ ಏನನ್ನೂ ಮುಚ್ಚಿಡಲಿಲ್ಲ. ಹೊಡೆದದ್ದು ಹೌದು, ಸತ್ತದ್ದು ಹೌದು, ನಾವು ತೀರಿಸಿದ್ದೇವೆ ಎಂದು ಒಬ್ಬರಾದ ಮೇಲೊಬ್ಬರು ಹೆಮ್ಮೆಯಿಂದಲೇ ಹೇಳಿದರು. ತಾವು ಚಿಕ್ಕಯ್ಯನನ್ನು ಬಿಡಿಸುತ್ತಿದ್ದೇವೆಂದೇ ಅವರ ನಂಬಿಕೆ. ವಕೀಲರು ತಲೆ ಎತ್ತಲಿಲ್ಲ. ಸತ್ತವನ ಹೆಂಡತಿಯೂ ಬಂದಿದ್ದಳು. ನನ್ನ ಗಂಡ ಜಗಳದಲ್ಲಿ ಏಟು ತಿಂದ, ಗ್ರಹಚಾರ, ಸತ್ತ; ಇವರ ಮೇಲೆ ನನಗೆ ದೂರಿಲ್ಲ ಎಂದು ಹೇಳಿ ಗೋಡೆಯ ಹತ್ತಿರ ಕೂತಳು. ಆ ಮಾತಿನಿಂದ ವಕೀಲರ ಮುಖಕ್ಕೆ ಸ್ವಲ್ಪ ಜೀವ ಬಂತು.

ಕೊನೆಗೆ ಬಿಳಿಯ ಮ್ಯಾಜಿಸ್ಟ್ರೇಟರು ಚಿಕ್ಕಯ್ಯನ ಕಡೆ ತಿರುಗಿ, ಕಾವು ಎತ್ತಿದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ದುಭಾಷಿಯ ಮೂಲಕ ಕೇಳಿದರು. ಚಿಕ್ಕಯ್ಯ ಬಾಯಿ ತೆರೆಯದಿರಲಿ ಎಂದು ನಾನು ಪಳನಿಯ ಮುರುಗನಿಗೆ ಹರಕೆ ಹೊತ್ತೆ.

"ಸಾಯಲಿ ಅಂತ ಇತ್ತು, ದೊರೆ," ಎಂದ. ತಮಿಳಿನಲ್ಲೇ ಹೇಳಿದ, ಗುಮಾಸ್ತರು ಬರೆದುಕೊಳ್ಳುವಷ್ಟು ನಿಧಾನವಾಗಿ. "ಹೊಡೆದ ಮೇಲೆ ಇರಲಿಲ್ಲ."

ಕೋರ್ಟಿನಲ್ಲಿ ಎದ್ದವಳು ಒಬ್ಬಳೇ, ಸತ್ತವನ ಹೆಂಡತಿ. ಸೆರಗು ಸರಿಮಾಡಿಕೊಂಡು ಯಾರನ್ನೂ ನೋಡದೆ ಹೊರಗೆ ನಡೆದಳು.

ಮಧುರೆಗೆ ಕರೆದೊಯ್ಯುವ ಮುಂಚೆ ಹುಣಸೆಮರದ ಕೆಳಗೆ ಅವನನ್ನು ಕೂರಿಸಿದ್ದರು. ಪೇದೆ ನನಗೆ ಹತ್ತಿರ ಹೋಗಲು ಬಿಟ್ಟ. ಹಟ್ಟಿಯ ಮುಂದೆ ಇದನ್ನೇಕೆ ಹೇಳಲಿಲ್ಲವೆಂದು ಕೇಳಿದೆ.

"ಕೈ ಏನ್ ಮಾಡ್ತು ಅಂತ ಕೇಳಿದ್ರು, ಹೇಳಿದೆ. ಮನಸ್ಸು ಏನ್ ಮಾಡ್ತು ಅಂತ ನಮ್ಮೋರು ಒಬ್ರೂ ಕೇಳ್ಲಿಲ್ಲ. ಈ ಬಿಳಿಯಪ್ಪ ಕೇಳ್ದ." ಕೋರ್ಟಿನ ಬಾಗಿಲ ಕಡೆ ನೋಡಿ, "ಅವಳು ಹೋದ್ಲಾ?" ಎಂದ.

"ಹೋದಳು."

ತಲೆಯಾಡಿಸಿದ. ಹಗ್ಗ ಕಟ್ಟಿದ ಕೈಯಿಂದಲೇ ಮುಖ ಒರೆಸಿಕೊಂಡ.

ಮಧುರೆಯಲ್ಲಿ ಅವಳನ್ನು ಮತ್ತೆ ಸಾಕ್ಷಿಗೆ ಕರೆದರು. ಈ ಸಲ ತನಗೆ ದೂರು ಇದೆ ಎಂದಳು. ಅವಳದು ತಪ್ಪೆಂದು ನಾನು ಅಂದೂ ಅನ್ನಲಿಲ್ಲ, ಇಂದೂ ಅನ್ನುವುದಿಲ್ಲ. ಚಿಕ್ಕಯ್ಯನಿಗೆ ದ್ವೀಪಾಂತರವಾಯಿತು. ಅವನು ಹಡಗು ಹತ್ತಿದನೆಂಬ ಸುದ್ದಿ ಬಂತು. ಆಮೇಲೆ ಅವನ ಬಗ್ಗೆ ಏನೂ ಬರಲಿಲ್ಲ. ಊರಿನಲ್ಲಿ ಎರಡು ಮನೆಯವರೂ ದಾರಿ ಬದಲಿಸಿ ನಡೆಯತೊಡಗಿದರು. ಮತ್ತೆ ಕೂತು ತೀರಿಸಬೇಕೆಂದು ಹಿರಿಯರು ಒಮ್ಮೆ ಸೇರಿದರಂತೆ. ಏನು ಕೇಳಬೇಕೆಂದು ಯಾರಿಗೂ ತೋಚದೆ, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದರಂತೆ.