ಕಡೇ ಹಾಳಿ ಇಲ್ಲದ ಪತ್ತೇದಾರಿ ಪುಸ್ತಕಗಳು

ಬಿ.ಎಡ್. ಮುಗಿಸಿ ಮಾಸ್ತರಿಕೆಯ ಆದೇಶಕ್ಕಾಗಿ ಕಾಯುತ್ತಿದ್ದ ತೊಂಬತ್ತರ ದಶಕದ ಎರಡು ವರ್ಷ ನಾನು ಸಿಂದಗಿಯ ಒಂದು ಖಾಸಗಿ ವಾಚನಾಲಯ ನೋಡಿಕೊಂಡಿದ್ದೆ. ನನ್ನೂರು ಇಂಡಿ. ಸಿಂದಗಿಯಲ್ಲಿ ಸೋದರಮಾವನ ಮನೆಯಲ್ಲಿ ಇಳಿದುಕೊಂಡಿದ್ದೆ. ವಾಚನಾಲಯ ದವಸಧಾನ್ಯದ ಒಂದು ಅಡತಿ ಅಂಗಡಿಯ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ತೊಗರಿ ಚೀಲ ಇಳಿಸಿದಾಗಲೆಲ್ಲ ಧೂಳು ಮೆಟ್ಟಿಲು ಹತ್ತಿ ಬಂದು ಪುಸ್ತಕಗಳ ಮೇಲೆ ಕೂರುತ್ತಿತ್ತು. ಧರ್ಮ, ಇತಿಹಾಸ, ಕಾವ್ಯಗಳ ಮೇಲಿನ ಧೂಳನ್ನು ನಾನು ಒರೆಸಬೇಕು. ಪತ್ತೇದಾರಿ ಕಾದಂಬರಿಗಳ ಮೇಲಿನದನ್ನು ಓದುಗರೇ ಒರೆಸಿಕೊಂಡು ಹೋಗುತ್ತಿದ್ದರು.

ಆ ಕಪಾಟಿನಲ್ಲಿ ಮೂವರು ಪತ್ತೇದಾರರಿದ್ದರು. ಒಬ್ಬಾತ ಯಾವುದೋ ಪರದೇಶದ ನಿವೃತ್ತ ನ್ಯಾಯಾಧೀಶ, ಮರಾಠಿಯ ಮೂಲಕ ಕನ್ನಡಕ್ಕೆ ಬಂದವನು. ಕಾಲುನೋವಿನಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪೊಲೀಸರು ಬಂದು ಕೊಲೆಯ ವೃತ್ತಾಂತ ಹೇಳುವಾಗ ಅವನು ಕಿತ್ತಳೆ ಸುಲಿಯುತ್ತ ಕೂತಿರುತ್ತಿದ್ದ. ಹಣ್ಣು ತಿಂದು ಮುಗಿಯುವುದರೊಳಗೆ ಕೊಲೆಗಾರ ಸಿಕ್ಕಿರುತ್ತಿದ್ದ. ಎರಡನೆಯವನು ಮುಂಬೈಯವನು, ತರುಣ, ಕರಿ ಕೋಟು, ಮೋಟಾರ್ ಸೈಕಲ್. ಪ್ರತಿ ಪುಸ್ತಕದಲ್ಲೂ ಒಮ್ಮೆ ಅವನ ತಲೆಗೆ ಹಿಂದಿನಿಂದ ಪೆಟ್ಟು ಬೀಳುತ್ತಿತ್ತು. ಹದಿನೆಂಟು ಪುಸ್ತಕಗಳಾದರೂ ಅವನಿಗೆ ಹಿಂದೆ ತಿರುಗಿ ನೋಡುವ ಬುದ್ಧಿ ಬಂದಿರಲಿಲ್ಲ. ಮೂರನೆಯವಳು ಒಂದು ಬಂದರು ಪಟ್ಟಣದಲ್ಲಿ ಬಟ್ಟೆ ಹೊಲಿಯುವ ನಡುವಯಸ್ಸಿನ ಹೆಂಗಸು. ಅಳತೆ ಕೊಡಲು ಬಂದವರೆಲ್ಲ ಅವಳ ಮುಂದೆ ಮನಸ್ಸು ಬಿಚ್ಚುತ್ತಿದ್ದರು. ಅವಳು ಬಾಯಲ್ಲಿ ಗುಂಡುಪಿನ್ನು ಹಿಡಿದು ಕೇಳಿಸಿಕೊಳ್ಳುತ್ತಿದ್ದಳು. ಅವಳವು ಮೂರೇ ಪುಸ್ತಕ. ಅವುಗಳನ್ನು ಯಾರೂ ಒಯ್ಯುತ್ತಿರಲಿಲ್ಲ.

ನನ್ನ ಮೆಚ್ಚಿನವನು ಈ ಮೂವರಲ್ಲಿ ಯಾರೂ ಅಲ್ಲ. ನ್ಯಾಯಾಧೀಶನ ಜೊತೆಗಿರುವ ಒಬ್ಬ ಪೆದ್ದ ಗೆಳೆಯ, ಕಥೆ ಹೇಳುವವನು, ಅವನು ನನಗೆ ಸೇರುತ್ತಿದ್ದ. ಪ್ರತಿ ಸಲವೂ ತಪ್ಪು ಮನುಷ್ಯನ ಮೇಲೆ ಸಂಶಯಪಡುತ್ತಿದ್ದ; ಆದರೂ ಕೊನೆಯಲ್ಲಿ ಅವನಿಗೆ ಊಟಕ್ಕೆ ಕರೆ ಇರುತ್ತಿತ್ತು. ನೌಕರಿಗೆ ಕಾಯುತ್ತಿದ್ದ ನನಗೆ ಅದು ತುಂಬ ಭರವಸೆಯ ವಿಷಯವಾಗಿ ಕಾಣುತ್ತಿತ್ತು.

ನ್ಯಾಯಾಧೀಶನ ಪರಮ ಭಕ್ತರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಊರಿಗೆಲ್ಲ ಅವರು ಮಾಸ್ತರು. ಗಣಿತ ಕಲಿಸಿದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು. ಮುಂಬೈ ತರುಣನ ಪರ ಕನ್ನೊಳ್ಳಿಯ ಒಬ್ಬ ಗೌಡರು. ಐವತ್ತರ ಮೇಲಿನ ವಯಸ್ಸು, ದೊಡ್ಡ ಒಕ್ಕಲುತನ, ದೊಡ್ಡ ಮೀಸೆ. ಸಂತೆಯ ದಿನ ತಪ್ಪದೆ ಬರುತ್ತಿದ್ದರು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತು ಜಗಳ ತೆಗೆಯುತ್ತಿದ್ದರು.

"ಕುಂತಲ್ಲೇ ಕುಂತು ಕಳ್ಳನ ಹಿಡೀತಾನಂದ್ರ ಅಂವ ಪತ್ತೇದಾರ ಅಲ್ರಿ ಮಾಸ್ತರ, ಜ್ಯೋತಿಷಿ," ಎನ್ನುತ್ತಿದ್ದರು ಗೌಡರು. "ಬೆವರು ಸುರಸ್ಬೇಕ್ರಿ ಮನಷ್ಯಾ. ನಮ್ಮಾಂವ ನೋಡ್ರಿ, ಹ್ಯಾಂಗ ಬೆನ್ನ ಹತ್ತತಾನು!"

"ನಿಮ್ಮಾಂವ ಓಡ್ತಾನ, ಯಾಕಂದ್ರ ಅವಂಗ ವಿಚಾರ ಮಾಡ್ಲಿಕ್ಕೆ ಬರೂದಿಲ್ಲ," ಎನ್ನುತ್ತಿದ್ದರು ಮಾಸ್ತರು. "ತಲಿ ಅದ ಅವಂಗ, ಖರೇ. ಪೆಟ್ಟ ತಿನ್ಲಿಕ್ಕೆ ಅಷ್ಟ."

ಹೊಲಿಗೆಯವಳ ಬಗ್ಗೆ ನಾನು ಒಮ್ಮೆ ಕೇಳಿದಾಗ ಇಬ್ಬರೂ ಒಂದಾಗಿ ನಕ್ಕರು. ಆ ಇಬ್ಬರ ನಡುವೆ ಒಮ್ಮತ ಮೂಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೀಗಿರುವಾಗ ಒಂದು ಸಂತೆಯ ದಿನ ಗೌಡರು ಕೈಯಲ್ಲಿ ಪುಸ್ತಕ ಹಿಡಿದು ಸಿಟ್ಟಿನಿಂದ ಮೆಟ್ಟಿಲು ಹತ್ತಿ ಬಂದರು. ವಿರೋಧಿಗಳ ಬಲವೇನೆಂದು ನೋಡಲು ಅವರು ನ್ಯಾಯಾಧೀಶನ ಒಂದು ಕಾದಂಬರಿ ಒಯ್ದಿದ್ದರು.

"ತಂಗಿ, ಇದೇನ್ ಚ್ಯಾಷ್ಟಿ? ಎಲ್ಲಾರ್ನೂ ಕುಂಡ್ರಿಸಿ, ಕೊಲಿ ಮಾಡಿದಾಂವ ಯಾರು ಅಂತ ಹೇಳಾಕ ಅಂವ ಬಾಯಿ ತಗದಾನು, ಅಲ್ಲಿಗೇ ಪುಸ್ತಕ ಮುಗದೈತಿ!"

ನೋಡಿದೆ. ಕೊನೆಯ ಹಾಳೆ ಇರಲಿಲ್ಲ. ಯಾರೋ ಅದನ್ನು ಒತ್ತಿ ಮಡಿಸಿ, ಗೆರೆ ಹಿಡಿದಂತೆ ನೀಟಾಗಿ ಹರಿದು ತೆಗೆದಿದ್ದರು. ಕಪಾಟು ಹುಡುಕಿದರೆ ಅದೇ ರೀತಿ ಇನ್ನೂ ನಾಲ್ಕು ಸಿಕ್ಕವು. ಐದೂ ನ್ಯಾಯಾಧೀಶನವೇ.

ವಾಚನಾಲಯದ ಆಡಳಿತ ಮಂಡಳಿಯಲ್ಲಿ ಹಿರಿಯ ವ್ಯಾಪಾರಿಗಳಿದ್ದರು. ಪತ್ತೇದಾರಿ ಪುಸ್ತಕಗಳಿಂದ ಊರಿನ ನಡತೆ ಕೆಡುತ್ತದೆ ಎಂದು ಅವರಿಗೆ ಮೊದಲಿನಿಂದಲೂ ಅನುಮಾನ. ಈಗ ಪುರಾವೆಯೇ ಸಿಕ್ಕಿತು. ಒಂದು ತಿಂಗಳಲ್ಲಿ ಹಾಳೆ ಹರಿಯುವವರು ಯಾರೆಂದು ಗೊತ್ತಾಗದಿದ್ದರೆ ಆ ಕಪಾಟಿಗೆ ಬೀಗ ಹಾಕಿಸುವುದಾಗಿ ಹೇಳಿ ಹೋದರು. ನನಗೆ ನಿಜವಾಗಿಯೂ ಸಂಕಟವಾಯಿತು. ಆ ಕಪಾಟಿಗೆ ಬೀಗ ಬಿದ್ದರೆ ವಾಚನಾಲಯಕ್ಕೆ ಬರುವವಳು ನಾನೊಬ್ಬಳೇ ಉಳಿಯುತ್ತಿದ್ದೆ.

ಮಾಸ್ತರು ಪ್ರಕರಣವನ್ನು ತಾವೇ ಕೈಗೆತ್ತಿಕೊಂಡರು. ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ರಿಜಿಸ್ಟರು ತರಿಸಿಕೊಂಡು, ಒಂದು ವಾರ ಕಣ್ಣುಮುಚ್ಚಿ ಕೂತರು. ಸಿಂದಗಿಯಲ್ಲಿ ಆಗ ಕಿತ್ತಳೆಯ ಸುಗ್ಗಿಯಾಗಿರಲಿಲ್ಲ, ಶೇಂಗಾ ಸುಲಿಯುತ್ತಿದ್ದರು. ಸಿಪ್ಪೆ ಗುಡಿಸುವುದು ನನ್ನ ಪಾಲಿಗೆ ಬಂತು.

ರಿಜಿಸ್ಟರಿನಲ್ಲಿ ಒಂದು ಸಂಗತಿ ಸ್ಪಷ್ಟವಾಗಿತ್ತು. ಗೌಡರು ಒಯ್ದದ್ದೂ ಸೇರಿ ಐದೂ ಪುಸ್ತಕಗಳನ್ನು ಮೊದಲು ಮಾಸ್ತರೇ ಒಯ್ದು ತಂದಿದ್ದರು. ನಾನು ಹೆದರುತ್ತಲೇ ಅದನ್ನು ಅವರಿಗೆ ತೋರಿಸಿದೆ.

"ಅದ ಮುಖ್ಯ ಸುಳಿವು, ನೋಡವಾ," ಎಂದರು ಖುಷಿಯಿಂದ. "ಎಲ್ಲಾ ನನ್ನ ಕಡೆ ಬೆರಳ ತೋರಸ್ಲಿಕತ್ತದ. ಅಂದ್ರ ಯಾರೋ ಬೇಕಂತ ತೋರಸ್ಲಿಕತ್ತಾರ."

"ಹಂಗಾದ್ರ ನೀವು ಓದೂ ಮುಂದ ಹಾಳಿ ಇತ್ತೇನ್ರಿ?"

"ಇರಲಿಲ್ಲ. ಆದ್ರ ಅಂಥಾ ಪುಸ್ತಕಕ್ಕ ನನಗ ಕಡೇ ಹಾಳಿ ಬೇಕಾಗೂದಿಲ್ಲ. ಮೂವತ್ತನೇ ಪುಟಕ್ಕ ನನಗ ಗೊತ್ತಾಗಿರ್ತದ."

ಎಂಟನೆಯ ದಿನ ತೀರ್ಪು ಬಂತು. ನ್ಯಾಯಾಧೀಶನನ್ನು ದ್ವೇಷಿಸುವವನು ಒಬ್ಬನೇ. ಹಾಳೆ ಕಾಣೆಯಾಗಿದೆ ಎಂದು ಮೊದಲು ಕೂಗಿದವನೂ ಅವನೇ. ಆದ್ದರಿಂದ ಅಪರಾಧಿ ಕನ್ನೊಳ್ಳಿಯ ಗೌಡ.

ಗೌಡರಿಗೆ ಈ ಸುದ್ದಿ ಮುಟ್ಟಿದಾಗ ಅವರ ಮೀಸೆ ನಡುಗಿತು. ತಮ್ಮ ಮೇಲಿನ ಕಳಂಕ ತೊಳೆದುಕೊಳ್ಳಲು ಅವರು ಮುಂಬೈ ತರುಣನ ದಾರಿ ಹಿಡಿದರು. ಹಳೆಯ ಮೋಟಾರ್ ಸೈಕಲ್ ತೆಗೆದರು. ಅದರ ಸದ್ದಿಗೆ ದಾರಿಯ ಎಮ್ಮೆಗಳೆಲ್ಲ ತಾವೇ ಪಕ್ಕಕ್ಕೆ ಸರಿಯುತ್ತಿದ್ದವು. ಆ ಗಾಡಿಯ ಮೇಲೆ ಕೂತು, ಯಾರಿಗೂ ತಿಳಿಯದಂತೆ, ಅವರು ವಾಚನಾಲಯದ ಓದುಗರನ್ನು ಒಬ್ಬೊಬ್ಬರಾಗಿ ಹಿಂಬಾಲಿಸತೊಡಗಿದರು.

ಮೂರನೆಯ ದಿನ ಅವರ ಸಂಶಯ ಒಬ್ಬ ತರುಣ ಕಾಲೇಜು ಅಧ್ಯಾಪಕನ ಮೇಲೆ ಬಿತ್ತು. ಆತ ಒಳ್ಳೆಯ ಅಂಗಿ ತೊಟ್ಟು, ಚೀಲದಲ್ಲಿ ಏನೋ ಇಟ್ಟುಕೊಂಡು, ಅತ್ತಿತ್ತ ನೋಡುತ್ತ ದೇವಣಗಾಂವದ ಬಸ್ಸು ಹತ್ತಿದ. ಗೌಡರು ಬಸ್ಸಿನ ಬೆನ್ನು ಹತ್ತಿದರು. ಆತ ಹೋದದ್ದು ಕನ್ಯೆ ನೋಡಲು. ಚೀಲದಲ್ಲಿ ಇದ್ದದ್ದು ಪೇಡೆ. ದೊಡ್ಡ ಮೀಸೆಯ ಅಪರಿಚಿತರೊಬ್ಬರು ಗೋಡೆಯಾಚೆ ನಿಂತು ಹಣಿಕುವುದನ್ನು ಕಂಡ ಹೆಣ್ಣಿನ ಕಡೆಯವರು ವರನಿಗೆ ಶತ್ರುಗಳಿದ್ದಾರೆಂದು ಗಾಬರಿಯಾದರು. ಕಡೆಗೆ ಗೌಡರೇ ಒಳಗೆ ಹೋಗಿ, ಚಹಾ ಕುಡಿದು, ಹುಡುಗ ಬಂಗಾರದಂಥವನು ಎಂದು ಪ್ರಮಾಣ ಮಾಡಿ ಹೇಳಬೇಕಾಯಿತು. ಆ ಮದುವೆ ಆಯಿತು. ಹಾಳೆ ಮಾತ್ರ ಸಿಗಲಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಆಗ ಮಾಸ್ತರು ಸಂಬಂಧಿಕರ ಮನೆಯ ಮುಂಜಿವೆಗೆಂದು ಬಸವನ ಬಾಗೇವಾಡಿಗೆ ಹೋಗಿದ್ದರು. ರಿಜಿಸ್ಟರನ್ನು ಅವರು ಮನೆಗೆ ಒಯ್ದುಬಿಟ್ಟಿದ್ದರು. ಅದನ್ನು ತರಲು ನಾನು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾವೆಲ್ಲ ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮೊಣಕಾಲು ನೋವೆಂದು ಅವರು ಮುಂಜಿವೆಗೆ ಹೋಗದೆ ಮನೆಯಲ್ಲೇ ಇದ್ದರು. ಪಡಸಾಲೆಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದವರು ರಿಜಿಸ್ಟರು ತಂದುಕೊಟ್ಟು, ನನಗೊಂದು ಬಟ್ಟಲು ಅವಲಕ್ಕಿ ಕೊಟ್ಟರು.

ನಾನು ತಿನ್ನುತ್ತ, ಬೇರೆ ಮಾತು ತೋಚದೆ, ಕಪಾಟಿಗೆ ಬೀಗ ಬೀಳುವ ವಿಷಯ ಹೇಳಿದೆ. ಯಾವ ಯುಕ್ತಿಯೂ ಇಲ್ಲದೆ ಕೇಳಿದೆ: "ಕಾಕು, ಆ ಹಾಳಿ ಯಾರ ಹರದಿರಬೇಕು, ನಿಮಗೇನರ ಗೊತ್ತೇನ್ರಿ?"

"ನಾನಽ ಹರದೇನಿ," ಎಂದರು ಕಾಕು, ಬತ್ತಿ ಹೊಸೆಯುತ್ತಲೇ.

ನಾನು ಬಟ್ಟಲು ಕೆಳಗಿಟ್ಟೆ. ಅವರು ಅದಕ್ಕೆ ಇನ್ನೊಂದು ಹಿಡಿ ಅವಲಕ್ಕಿ ಹಾಕಿದರು.

"ತಿಂಗಳಾತು, ಒಬ್ಬರು ಕಣ್ಣ ಮುಚ್ಚಿ ಕೂಡ್ತಾರ, ಒಬ್ಬರು ಗಾಡಿ ಹೊಡೀತಾರ. ನನ್ನ ಯಾರರ ಕೇಳ್ಯಾರೇನು? ಕೇಳಿದ್ರ ಹೇಳ್ತಿದ್ದೆ. ನಾ ಸುಳ್ಳ ಹೇಳೂದಿಲ್ಲ."

"ಆದ್ರ ಯಾಕ್ರಿ ಕಾಕು?"

ಕಾಕು ಒಳಗೆ ಹೋಗಿ ಹಳೆಯದೊಂದು ಪಂಚಾಂಗ ತಂದರು. ಅದರೊಳಗೆ ಐದೂ ಹಾಳೆಗಳು ಒಂದಿಷ್ಟೂ ಮುದುಡದೆ ಇದ್ದವು. ಮದುವೆಯಾದಾಗಿನಿಂದ ಮಾಸ್ತರು ಪ್ರತಿ ಪುಸ್ತಕ ಮುಗಿಸಿ ಮಡಚಿಟ್ಟು, ಮೂವತ್ತನೇ ಪುಟಕ್ಕೇ ಕೊಲೆಗಾರ ಯಾರೆಂದು ತಿಳಿದಿತ್ತು ಎನ್ನುತ್ತಿದ್ದರಂತೆ. ಅಡುಗೆಗೆ ಉಪ್ಪು ಹೆಚ್ಚಾದದ್ದು, ಮಗಳ ಪರೀಕ್ಷೆಯ ಫಲಿತಾಂಶ, ನೆರೆಯವರ ಜಗಳ, ಎಲ್ಲವೂ ಅವರಿಗೆ ಮೊದಲೇ ತಿಳಿದಿರುತ್ತಿತ್ತು. ಕಾಕು ನಂಬಿದ್ದರು. ಮಧ್ಯಾಹ್ನ ಅವರು ಮಲಗಿದಾಗ ತಾವೂ ಆ ಪುಸ್ತಕಗಳನ್ನು ಓದತೊಡಗಿದ ಮೇಲೆ ಸ್ವಲ್ಪ ಅನುಮಾನ ಬಂತು. ಅದಕ್ಕೇ ಅವರು ಓದಿ ಮುಗಿಸುವ ಮುಂಚೆ ಕೊನೆಯ ಹಾಳೆ ತೆಗೆದಿಟ್ಟು, "ಹಾಳಿ ಇಲ್ಲಂದ್ರೇನಾತು, ನಿಮಗ ಗೊತ್ತದಲ್ಲ, ಹೇಳ್ರಿ," ಎಂದು ಕೇಳತೊಡಗಿದರು. ಅವರು ಹೇಳುತ್ತಿದ್ದರು, ಕಾರಣಗಳ ಸಮೇತ. ಆಮೇಲೆ ಕಾಕು ಒಳಗೆ ಹೋಗಿ ಪಂಚಾಂಗ ತೆರೆದು ನೋಡುತ್ತಿದ್ದರು.

"ಐದಕ್ಕ ಎಷ್ಟ ಸರಿ ಇದ್ದೂರಿ?" ಎಂದೆ.

"ಒಂದೂ ಇಲ್ಲ," ಎಂದರು. ನಗಲಿಲ್ಲ. ಬತ್ತಿಗಳನ್ನು ಜೋಡಿಸಿದರು. "ಒಂದರ ಸರಿ ಇದ್ದಿದ್ರ ಅವತ್ತಽ ಹಾಳಿ ತಿರುಗಿ ಹಚ್ಚಿ ಸುಮ್ನಾಗ್ತಿದ್ದೆ. ಅದಕ್ಕಂತ ಒಂದಾದ ಮ್ಯಾಲ ಒಂದು ನೋಡಿದೆ. ತಪ್ಪಂತ ಹೇಳಿದ್ರ ಅವರ ಮಾರಿ ನೋಡ್ಲಿಕ್ಕೆ ಆಗೂದಿಲ್ಲ ನನಗ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ಮನುಷ್ಯ ಎಲ್ಲರಂತೆಯೇ ಇದ್ದಾನೆ ಎಂದು ತಿಳಿದವರಿಗೆ ಆಗುವ ಬೇಸರವೋ ಸಮಾಧಾನವೋ, ಅಂಥದೇನೋ ಇತ್ತು. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟು ಹಾಳೆಗಳನ್ನು ತಂದೆ. ಮೈದಾ ಅಂಟು ಕಾಯಿಸಿ, ಐದನ್ನೂ ಹಚ್ಚಿದೆ. ಹಾಳೆಗಳು ಯಾರೋ ಬಾಗಿಲ ಸಂದಿಯಲ್ಲಿ ಹಾಕಿಹೋದ ಲಕೋಟೆಯಲ್ಲಿ ಬಂದವೆಂದು ಮಂಡಳಿಗೆ ಹೇಳಿದೆ. ಹಾಳೆಗಳೇ ಮರಳಿದ್ದರಿಂದ ಅವರು ನಿರಾಶರಾಗಿ ಬೀಗವನ್ನು ವಾಪಸು ಒಯ್ದರು.

ಮುಂದಿನ ಸಂತೆಯ ದಿನ ಬೆಂಚಿನ ಎರಡೂ ತುದಿ ತುಂಬಿದ್ದವು.

"ನನ್ನ ತರ್ಕದ ಒತ್ತಡ ಅವಂಗ ತಡೀಲಿಲ್ಲ," ಎಂದರು ಮಾಸ್ತರು. "ತಾನಾಗೇ ತಂದ ಒಗದಾನ."

"ನನ್ನ ಗಾಡಿ ಸಪ್ಪಳಕ್ಕ ಅಂಜಿ ಒಗದಾನ್ರಿ," ಎಂದರು ಗೌಡರು.

ಇಬ್ಬರೂ ಅಪರಾಧಿ ಯಾರೆಂದು ಕೇಳಲಿಲ್ಲ. ತಮ್ಮ ಪತ್ತೇದಾರ ಗೆದ್ದ ಮೇಲೆ ಅಂಥ ಸಣ್ಣ ವಿಷಯ ಯಾರಿಗೆ ಬೇಕು? ಓದುಗರು ಪತ್ತೇದಾರನನ್ನು ಮೆಚ್ಚುವುದು ಅವನು ಕಳ್ಳನನ್ನು ಹಿಡಿಯುತ್ತಾನೆ ಎಂಬ ಕಾರಣಕ್ಕೆ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಮಾಸ್ತರಿಗೆ ಕುರ್ಚಿ ಬೇಕಿತ್ತು, ಗೌಡರಿಗೆ ಗಾಡಿ ಬೇಕಿತ್ತು. ಕಳ್ಳ ಇಬ್ಬರಿಗೂ ಒಂದು ನೆಪ. ಪೆದ್ದ ಗೆಳೆಯನನ್ನು ಆರಿಸಿಕೊಂಡಿದ್ದ ನಾನಂತೂ ಅವರಿಬ್ಬರ ಬಗ್ಗೆ ಏನೂ ಹೇಳುವ ಹಾಗಿರಲಿಲ್ಲ.

ಕೆಲವು ವಾರಗಳ ಬಳಿಕ ಕಾಕು ತಾವೇ ಮೆಟ್ಟಿಲು ಹತ್ತಿ ಬಂದರು, ಮೊಣಕಾಲು ಹಿಡಿದುಕೊಂಡು, ನಡುನಡುವೆ ನಿಂತು. ತಮ್ಮ ಹೆಸರಿಗೆ ಬೇರೆ ಕಾರ್ಡು ಮಾಡಿಸಿಕೊಂಡು, ಹೊಲಿಗೆಯವಳ ಮೂರೂ ಪುಸ್ತಕ ಒಯ್ದರು. ವಾಪಸು ತಂದಾಗ ಹೇಗಿದ್ದವು ಎಂದು ಕೇಳಿದೆ.

"ಛಲೋ ಹೆಣ್ಮಗಳು," ಎಂದರು. "ಎದುರಿಗಿದ್ದವರ ಮಾತ ಕೇಳ್ತಾಳ. ಆದ್ರ ಅಕಿ ಹೊಲಿಗಿ ಬಗ್ಗೆ ಬರದಾಂವಗ ಹೊಲಿಗಿ ಬರೂದಿಲ್ಲ, ಬಿಡು."

ಆ ಮಳೆಗಾಲದಲ್ಲಿ ನನಗೆ ಮುದ್ದೇಬಿಹಾಳದ ಒಂದು ಶಾಲೆಯಿಂದ ಆದೇಶ ಬಂತು. ಹೊಸ ಊರು, ಹೊಸ ಬಾಡಿಗೆ ಮನೆ. ವಾಚನಾಲಯಕ್ಕೆ ಆಗಷ್ಟೇ ಬಂದಿದ್ದ ಒಂದು ಪತ್ತೇದಾರಿ ಕಾದಂಬರಿಯನ್ನು ಓದಲೆಂದು, ಕಾಕುವಿಗೆ ಹೇಳಿಯೇ, ಜೊತೆಗೆ ತಂದಿದ್ದೆ. ಅವರು ಅದನ್ನು ನನಗಿಂತ ಮೊದಲು ಓದಿದ್ದರು. ನಾನು ಇನ್ನೂ ಅರ್ಧ ಓದಿದ್ದೆ. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅಂಚೆಯವರು ಗೇಟಿನ ಹತ್ತಿರ ಸೈಕಲ್ಲು ನಿಲ್ಲಿಸಿ ಕಾಕು ಬರೆದ ಅಂಚೆ ಕಾರ್ಡು ಕೊಟ್ಟರು. ಕೊಟ್ಟವರು ಹೋಗಲಿಲ್ಲ.

"ಟೀಚರ್ರ, ಸಿಟ್ಟಾಗಬ್ಯಾಡ್ರಿ, ಬಿಚ್ಚಿದ ಕಾರ್ಡ್ ಐತಿ, ಕಣ್ಣಿಗೆ ಬಿತ್ತು," ಎಂದರು. "ಆ ಕಂಪೌಂಡರ್ ಯಾಕ್ರಿ ಡಾಕ್ಟರನ ಕೊಂದಿದ್ದು?"

ನಾನು ಓದುತ್ತಿದ್ದ ಪುಸ್ತಕದ ಕೊಲೆಗಾರ ಯಾರೆಂದು ಕಾಕು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದರು. ಯಾಕೆಂದು ನನಗಿನ್ನೂ ಗೊತ್ತಿಲ್ಲ ಎಂದೆ. ಇಬ್ಬರೂ ಗೇಟಿನಲ್ಲೇ ನಿಂತು ಕಾರ್ಡಿನ ಉಳಿದ ಸಾಲುಗಳನ್ನು ಓದಿದೆವು.