ಇಸ್ತ್ರಿಗೊಂದು ಜಾಗ

ಇಸ್ತ್ರಿ ಅಂಗಡಿಯವನ ಮಗಳ ಬಾಯಿಗೆ ಬೀಗವಿಲ್ಲ ಅನ್ನುವುದು ಆ ಬೀದಿಗೆಲ್ಲ ಗೊತ್ತಿದ್ದ ಮಾತು. ಹರಟೆಮಲ್ಲಿ ಅಂತಲ್ಲ, ಪಾಪ, ಕೇಳುವುದು ಜಾಸ್ತಿ. ಈ ಅಂಗಡಿಗೆ ಮುಂಚೆ ಇಲ್ಲೇನಿತ್ತು, ಅದಕ್ಕೆ ಮುಂಚೆ ಏನಿತ್ತು, ಅದಕ್ಕೂ ಮುಂಚೆ? ಅಜ್ಜಿ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದೇ ಹೆಸರಿಟ್ಟಿದ್ದಳು.

"ಈಗ ನಿಮ್ಮಪ್ಪ ಇಸ್ತ್ರಿ ಮಾಡ್ತಾನೆ. ಮುಂಚೆ ನಿಮ್ಮ ತಾತ ಮಾಡ್ತಿದ್ರು. ಅದಕ್ಕೂ ಮುಂಚೆ ಅವರಪ್ಪ. ಮುಗೀತಾ ನಿನ್ನ ಪರೀಕ್ಷೆ? ಹೋಗು, ಆ ದಿಂಬಿನ ಚೀಲ ಮಡಚು," ಅನ್ನುವಳು.

ಆ ಮನೆಯ ಚರಿತ್ರೆ ಅಷ್ಟೇ. ಅಂಥಾ ಮನೆಯಲ್ಲಿ ಹುಟ್ಟಿದವಳು ಹನ್ನೆರಡನೇ ತರಗತಿ ಮುಗಿಸಿ, ನಾನು ಹಿಸ್ಟರಿ ಓದುತ್ತೇನೆ ಎಂದು ಪಟ್ಟು ಹಿಡಿದಳು.

ಬೀದಿಯ ಕೊನೆಯಲ್ಲೇ ಒಂದು ಕಾಲೇಜಿತ್ತು. ಅಲ್ಲಿ ಹಿಸ್ಟರಿ ಅಂದರೆ ಒಬ್ಬ ಮೇಷ್ಟ್ರು, ಒಂದು ಬೀರು. ಬೀರುವಿನ ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು. ಇನ್ನೊಂದು ಕಾಲೇಜು ದೊಡ್ಡ ಊರಿನದು, ಹಗಲೆಲ್ಲ ರೈಲಿನಲ್ಲಿ ಕೂತರೆ ಸಿಗುವಂಥದ್ದು. ಅಲ್ಲಿ ಹಳೇ ನಾಣ್ಯ ಕೈಗೇ ಕೊಟ್ಟು ನೋಡಲು ಹೇಳುತ್ತಾರಂತೆ, ನೆಲ ಅಗೆಯಲು ಕರೆದುಕೊಂಡು ಹೋಗುತ್ತಾರಂತೆ. ಅದೆಲ್ಲ ನಿಜವೇ. ಆದರೆ ಅವಳು ತನಗೆ ತಾನೇ ಒಪ್ಪಿಕೊಂಡ ಮಾತು ಬೇರೆ: ಅಲ್ಲಿಂದ ಈ ಅಂಗಡಿ ಕಾಣುವುದಿಲ್ಲ. ಅಪ್ಪನ ಬಲಭುಜ ನೋವಿಗೆ ಹಿಡಿದುಕೊಂಡ ಮೇಲೆ ಹಾಸಿಗೆ ಹೊದಿಕೆ, ಶಾಲೆ ಮಕ್ಕಳ ಯೂನಿಫಾರಮ್ಮು, ಭಾರದ್ದೆಲ್ಲ ಅವಳ ಪಾಲಿಗೇ ಬಂದಿತ್ತು. ತಾಯಿ ಇಲ್ಲದ ಮನೆ. ಕೆಂಡದ ಬಿಸಿಗೆ ಮುಖ ಕೊಟ್ಟು ನಿಂತಾಗ ಅವಳಿಗೆ ಎಷ್ಟೋ ಸಲ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಅಪ್ಪನ ನಾಲಿಗೆಗೆ 'ಹ' ಅನ್ನುವ ಅಕ್ಷರ ಹತ್ತಿದ್ದೇ ಇಲ್ಲ. ಹಾಲು ಅವನಿಗೆ ಆಲು, ಹಸು ಅವನಿಗೆ ಅಸು.

"ಇಸ್ಟ್ರಿ ಓದೋಕೆ ಅಷ್ಟು ದೂರ ಓಗ್ಬೇಕಾ ಮಗಳೇ?" ಅಂದ.

"ಇಸ್ತ್ರಿ ಓದೋಕೆ ಕಾಲೇಜು ಬೇರೆ ಯಾಕೆ? ಮೇಜಿನ ಮೇಲೆ ಪೆಟ್ಟಿಗೆ ಕಾದು ಕೂತಿದೆ," ಎಂದು ಅಜ್ಜಿ ನಕ್ಕಳು. ಬೀದಿಯೂ ನಕ್ಕಿತು. ಹುಡುಗಿ ನಗಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಪ್ರಶ್ನೆ ಕೇಳುವುದನ್ನೂ ಬಿಟ್ಟಾಗ ಅಪ್ಪನೇ ಸೋತು ಒಪ್ಪಿಕೊಂಡ.

ಆ ದೊಡ್ಡ ಕಾಲೇಜಿನಲ್ಲಿ ಅಧಿಕಾರಿಯಾಗಿದ್ದ ಒಬ್ಬರ ಅತ್ತೆಮನೆ ಇದೇ ಬೀದಿಯಲ್ಲಿತ್ತು. ಬಂದಾಗಲೆಲ್ಲ ಬಿಳಿ ಅಂಗಿಗಳ ಗಂಟು ತರುತ್ತಿದ್ದರು. ಅಂಗಡಿಯಲ್ಲಿ ಅವರ ಹೆಸರು ಬಿಳಿಯಂಗಿ ಸಾಹೇಬರು. ಅಪ್ಪ ಕೈ ಒರೆಸಿಕೊಂಡು ಅವರ ಮುಂದೆ ನಿಂತ. ದೊಡ್ಡವರ ಹತ್ತಿರ ದೊಡ್ಡ ಮಾತೇ ಆಡಬೇಕಲ್ಲ, ಇಂಗ್ಲಿಷೇ ಇರಲಿ ಎಂದುಕೊಂಡ. "ಸಾಯೇಬ್ರೇ, ನಿಮ್ಮ ಕಾಲೇಜಲ್ಲಿ ನಮ್ಮುಡುಗಿಗೆ ಇಸ್ಟ್ರಿಗೆ ಒಂದು ಜಾಗ ಕೊಡ್ಸಬೇಕು. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಅದಕ್ಯಾಕ್ರೀ ಕಾಲು ಗೀಲು! ಆಯ್ತು ಅಂದ್ಕೊಳ್ಳಿ. ನೀವೇನೂ ಓಡಾಡ್ಬೇಡಿ, ಎಲ್ಲಾ ನಾನ್ ನೋಡ್ಕೋತೀನಿ."

ಹುಡುಗಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೂ, "ನಾನೂ ಒಂದು ಅರ್ಜಿ ಹಾಕಿಬಿಡ್ಲಾಪ್ಪ?" ಎಂದು ಕೇಳಿದಳು.

"ಬೇಡ. ದೊಡ್ಡೋರು ಮಾತು ಕೊಟ್ಟಿದಾರೆ. ನಂಬಿಕೆ ಇಲ್ವಾ ಅಂತ ಬೇಜಾರು ಮಾಡ್ಕೋತಾರೆ."

ಅವಳು ಅರ್ಜಿ ಹಾಕಲಿಲ್ಲ. ಹಳೇ ಚೀಲಕ್ಕೆ ಹೊಸ ಜಿಪ್ಪು ಹಾಕಿಸಿದಳು. ಬಿಟ್ಟು ಹೋಗುವವಳಲ್ಲವೇ, ಆ ಸುಟ್ಟ ಕಲೆಯ ಮೇಜು, ಮಸಿ ಹಿಡಿದ ಗೋಡೆ, ಎಲ್ಲದರ ಮೇಲೂ ಪ್ರೀತಿ ಉಕ್ಕಿತು. ಹೊದಿಕೆಗಳನ್ನು ಹಾಡಿಕೊಂಡೇ ತಿಕ್ಕಿದಳು.

ಸಾಹೇಬರು ಮತ್ತೆ ಬಂದಾಗ ಮುಖ ತುಂಬ ನಗೆ. "ನಿಮ್ಮ ಕೆಲಸ ಆಯ್ತು ನೋಡಿ! ಹಾಸ್ಟೆಲ್ಲಿನಲ್ಲಿ ಇಸ್ತ್ರಿ ಕೋಣೆ ಇದೆ, ಅಲ್ಲಿ ಜಾಗ ಮಾಡ್ಸಿದೀನಿ. ಊಟ, ವಸತಿ ಎಲ್ಲಾ ಅಲ್ಲೇ. ಕರೆಂಟ್ ಇಸ್ತ್ರಿ, ಕೆಂಡದ ಕಾಟವೂ ಇಲ್ಲ."

ಹುಡುಗಿಯೇ ಮುಂದೆ ಬಂದು, "ಸಾರ್, ಅಪ್ಪ ಕೇಳಿದ್ದು ಇತಿಹಾಸ. ನಾನು ಓದೋಕೆ," ಅಂದಳು.

"ಇತಿಹಾಸಾನಾ?" ಸಾಹೇಬರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು, ಇಸ್ತ್ರಿ ಪೆಟ್ಟಿಗೆಯನ್ನು ನೋಡಿದರು. "ಇತಿಹಾಸ ಅಂತಾನೇ ಹೇಳ್ಬಾರ್ದಿತ್ತಾ ನೀವು? ಈಗ ಎಲ್ಲಾ ಭರ್ತಿ ಆಗೋಯ್ತಲ್ಲಮ್ಮ. ಛೆ! ಬೇಕಾದ್ರೆ ಈ ಕೆಲಸಕ್ಕೆ ಸೇರ್ಕೊ, ಮುಂದಿನ ವರ್ಷ ನೋಡೋಣ." ಹೊರಡುವವರು ಗಂಟನ್ನು ಮೇಜಿನ ಮೇಲಿಟ್ಟು, "ಇದು ಸಂಜೆಗೆ ಬೇಕಿತ್ತು," ಅಂದರು.

ಆ ಅಂಗಿಗಳನ್ನೂ ಅವಳೇ ತಿಕ್ಕಿದಳು. ಸುಟ್ಟುಬಿಡಲೇ ಅನ್ನಿಸಿತು; ಆದರೆ ಕೈ ಕಲಿತದ್ದನ್ನು ಕೈ ಬಿಡುತ್ತದೆಯೇ? ಒಂದು ಸುಕ್ಕೂ ಇಲ್ಲದ ಹಾಗೆ ಮಾಡಿಟ್ಟಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಕೆಟ್ಟ ಕೋಪ ಬಂತು.

"ನನ್ನ ನಾಲಿಗೆಗೆ ಬೆಂಕಿ ಬೀಳ, ನಿನ್ನ ಬಾಳು ಆಳು ಮಾಡಿದೆ," ಎಂದು ಅಪ್ಪ ಹಣೆ ಹಣೆ ಚಚ್ಚಿಕೊಂಡ.

"ನಾಲಿಗೆ ತಪ್ಪಲ್ಲ ಕಣೋ," ಅಂದಳು ಅಜ್ಜಿ. ಈ ಸಲ ಅವಳು ನಗುತ್ತಿರಲಿಲ್ಲ. "ಯಾರೋ ಒಬ್ಬ ಡಾಕ್ಟರು ಹೋಗಿ ತನ್ನ ಮಗಳಿಗೆ ಅಂತ ಹೀಗೇ ತೊದಲಿದ್ರೂ ಆ ಮಹಾನುಭಾವನಿಗೆ ಕಾಲೇಜು ಅಂತಾನೇ ಕೇಳಿಸ್ತಿತ್ತು."

ಅಪ್ಪ ಅಳುತ್ತಿದ್ದುದು ನಿಜ. ಅವನ ಭುಜ ಹಗುರಾಗಿ ಕೆಳಗಿಳಿದದ್ದೂ ನಿಜ. 'ಅಯ್ಯೋ' ಅಂದ ಬಾಯಿಯ ಹಿಂದೆಯೇ 'ಸದ್ಯ' ಅನ್ನುವುದೊಂದಿತ್ತು. ಮಗಳು ಎರಡನ್ನೂ ಕಂಡಳು. ಬೈದು ಹಗುರಾಗೋಣ ಅಂದರೆ ಅದಕ್ಕೂ ದಾರಿಯಿಲ್ಲ. ನೋಯುವ ಭುಜದವನನ್ನು ಯಾವ ಬಾಯಲ್ಲಿ ಬೈಯುವುದು?

ಮಾರನೇ ದಿನ ಅಪ್ಪನೇ ಅವಳನ್ನು ಬೀದಿ ಕೊನೆಯ ಕಾಲೇಜಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಏನೋ ಗೊಣಗುತ್ತಿದ್ದ. ಗುಮಾಸ್ತರು, "ಯಾವ ಸಬ್ಜೆಕ್ಟು?" ಅಂದದ್ದೇ ತಡ, ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಕೆಂಡ ಊದುವ ಹಾಗೆ ಎದೆಯಿಂದ ಉಸಿರೆಳೆದು, "ಹ್... ಹಿಸ್ಟರಿ!" ಅಂದುಬಿಟ್ಟ. ಮೇಜಿನ ಕಾಗದ ಹಾರಿತು. ಅಪ್ಪ ಗೆದ್ದವನ ಹಾಗೆ ಮಗಳ ಕಡೆ ತಿರುಗಿದ. ಅವಳು ನಗುತ್ತಲೇ ಹಾರಿದ ಕಾಗದ ಹೆಕ್ಕಿ ಕೊಟ್ಟಳು.

ಹೆಸರು ಬರೆಸಿ ಮುಗಿದ ಮೇಲೆ ಮಹಡಿಯ ತರಗತಿ ನೋಡಿ ಬರಲು ಹೋದರು. ಖಾಲಿ ಬೆಂಚುಗಳು, ಆ ಬೀಗ ಹಾಕಿದ ಬೀರು, ಒಂದು ಕಿಟಕಿ. ಅಪ್ಪ ಕಿಟಕಿಯ ಹತ್ತಿರ ಹೋದವನು ಮಗುವಿನ ಹಾಗೆ ಕೂಗಿದ.

"ಏ ಮಗಳೇ, ಇಲ್ನೋಡು! ನಮ್ಮಂಗಡಿ ಕಾಣ್ಸುತ್ತೆ! ಮೇಜೂ ಕಾಣ್ಸುತ್ತೆ! ನೀನು ಇಲ್ಲೇ ಕೂತ್ಕೋಬೇಕು, ಈ ಬೆಂಚಲ್ಲೇ. ನಂಗೆ ಭುಜ ಸೋತ್ರೆ ಅಲ್ಲಿಂದ ಈ ಕೈ ಎತ್ತಿ ಕರೀತೀನಿ, ಬಂದ್ಬಿಡು."

ಅವಳು ಆ ಬೆಂಚಿನಲ್ಲಿ ಕೂತು ನೋಡಿದಳು. ಕಾಣುತ್ತಿತ್ತು.

"ಬರ್ತೀನಪ್ಪ," ಅಂದಳು.