ಅತ್ತೆಯ ಕಿವಿಯಲ್ಲಿದ್ದ ಊರು

ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ನನ್ನ ಸೋದರತ್ತೆಯ ಮನೆಯ ಎದುರಿಗೇ, ರಸ್ತೆಯಾಚೆ ಗದ್ದೆಯ ಅಂಚಿನಲ್ಲಿ, ಎರಡು ಕಂಬಗಳ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಊರಿನವರು ಅದನ್ನು ಟಿಸಿ ಅನ್ನುತ್ತಾರೆ. ಅದರಿಂದ ಗುಂಯ್ ಅಂತ ಒಂದೇ ಸಮನೆ ಸದ್ದು ಬರುತ್ತಿತ್ತು. ಬೇಸಿಗೆ ರಜೆಗೆ ಮಂಡ್ಯದಿಂದ ಅಲ್ಲಿಗೆ ಹೋದಾಗ ಮೊದಲ ದಿನ ಮಾತ್ರ ನನಗದು ಕೇಳುತ್ತಿತ್ತು. ಮಾರನೆಯ ದಿನದಿಂದ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅತ್ತೆಗೆ ಮಾತ್ರ ಅದು ಪ್ರತಿದಿನವೂ ಕೇಳುತ್ತಿತ್ತು.

ಅತ್ತೆ ಹುಟ್ಟಿ ಬೆಳೆದದ್ದು ಶಿವನಸಮುದ್ರದ ಕ್ವಾರ್ಟರ್ಸಿನಲ್ಲಿ. ಅವಳ ಅಪ್ಪ, ಅಂದರೆ ನನ್ನ ತಾತ, ಅಲ್ಲಿ ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಪವರ್‌ಹೌಸಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಾನು ಅವರನ್ನು ನೋಡಿಲ್ಲ. ಮದುವೆಯಾಗಿ ಕೊಪ್ಪಕ್ಕೆ ಹೊರಟ ದಿನ ಅಳುತ್ತಿದ್ದ ಮಗಳಿಗೆ ಅವರು ಹೇಳಿದ್ದರಂತೆ: "ಯಾಕಳ್ತೀಯೆ ಮಗ? ನಿನ್ನ ಮನೇಲಿ ಲೈಟು ಅತ್ಕೊಂಡ್ರೆ ನಾನು ಕೆಲ್ಸದಲ್ಲಿ ಅವ್ನಿ ಅಂದ್ಕೊ."

ಅತ್ತೆ ಹಾಗೇ ಅಂದುಕೊಂಡಳು. ತಾತ ತೀರಿಕೊಂಡ ಮೇಲೂ ಅಂದುಕೊಂಡೇ ಇದ್ದಳು. ಮಧ್ಯಾಹ್ನ ಮುದ್ದೆ ಉಂಡು ಪಾತ್ರೆ ತೊಳೆದಿಟ್ಟು ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚುವಳು. ನಾನು ಏನಾದರೂ ಕೇಳಲು ಹೋದರೆ, "ಸುಮ್ಕಿರು. ನಮ್ಮೂರ ನೀರು ಬರ್ತಾ ಐತೆ" ಅನ್ನುವಳು. ಕರೆಂಟು ಹೋಗಿ ಸದ್ದು ನಿಂತರೆ, "ಅಪ್ಪ ಊಟಕ್ಕೆದ್ದ" ಅನ್ನುವಳು. ಅದನ್ನು ಅವಳು ತಮಾಷೆಗೆ ಹೇಳುತ್ತಿದ್ದಳೋ ನಿಜಕ್ಕೂ ನಂಬಿದ್ದಳೋ ನನಗೆ ಗೊತ್ತಾಗುತ್ತಿರಲಿಲ್ಲ. ಕೇಳಬೇಕು ಅಂತಲೂ ಅನ್ನಿಸಿರಲಿಲ್ಲ. ನಾನೂ ಅವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದೆ. ಅರೆನಿದ್ದೆಯಲ್ಲಿ ಆ ಸದ್ದು ದೊಡ್ಡದಾಗುತ್ತಾ ಬಂದು, ತಂತಿಗಳೊಳಗೆ ಹಸಿರು ನೀರು ಹರಿಯುವುದು ಕಾಣುತ್ತಿತ್ತು. ನೀರಿನಲ್ಲಿ ಮೀನುಗಳಿದ್ದವು. ಗದ್ದೆಗಳ ಮೇಲೆ, ಕಬ್ಬಿನ ಮೇಲೆ, ತೆಂಗಿನ ಗರಿಗಳ ಮೇಲೆ ಅವು ಈಜಿ ಬಂದು ನಮ್ಮೆದುರಿನ ಡಬ್ಬದಲ್ಲಿ ಸುತ್ತು ಹಾಕುತ್ತಿದ್ದವು. ಎಚ್ಚರವಾದರೆ ಕೆನ್ನೆಯ ಮೇಲೆ ಅತ್ತೆಯ ಸೀರೆಯ ನಿರಿಗೆಯ ಗುರುತು.

ಆಮೇಲೆ ನಾನು ಕರೆಂಟನ್ನೇ ಓದಿದೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ, ಮದ್ದೂರಿನ ಕಡೆಯ ವಿದ್ಯುತ್ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗುತ್ತಾ ಬಂದು ಪೂರ್ತಿ ಹೋಗಿತ್ತು. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಅವಳ ದಿನದಲ್ಲಿ ಬದಲಾಗದೆ ಉಳಿದದ್ದು ಮಧ್ಯಾಹ್ನದ ಆ ಜಗಲಿಯೊಂದೇ.

ಒಂದು ಸಲ ಊರಿನವರು ಕಚೇರಿಗೆ ಅರ್ಜಿ ಕೊಟ್ಟರು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಟಿಸಿಗೆ ಒರಸಿಕೊಂಡೇ ತಿರುಗಬೇಕಿತ್ತು, ಅದನ್ನು ಬೀದಿಯ ಕೊನೆಗೆ ಹಾಕಿಸಿ ಅಂತ. ಅವರ ಮಾತು ಸರಿಯಾಗಿತ್ತು. ಜಾಗ ನೋಡಲು ಹೋದವಳು ನಾನೇ. ಬೀದಿಯ ಗಂಡಸರೆಲ್ಲ ಸೇರಿದ್ದರು. ವಿಷಯ ಕಿವಿಗೆ ಬಿದ್ದದ್ದೇ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಅದನ್ನ ತಗೀಬ್ಯಾಡಿ. ಇಲ್ಲೇ ಇರ್ಲಿ" ಅಂದಳು.

"ಯಾಕಜ್ಜಿ, ನಿಂಗೇನು ತೊಂದ್ರೆ?" ಅಂತ ಒಬ್ಬರು ಕೇಳಿದರು.

"ಅದ್ರಲ್ಲಿ ನಮ್ಮೂರ ನೀರು ಕೇಳ್ತದೆ ಕಣಪ್ಪ. ನಮ್ಮಪ್ಪ ಕಳಿಸೋ ನೀರು."

ನಾಲ್ಕೈದು ಜನ ಒಟ್ಟಿಗೆ ನಕ್ಕರು. ಕೆಟ್ಟ ನಗೆಯೇನೂ ಅಲ್ಲ. ಆದರೆ ಕೈಯಲ್ಲಿ ಕಚೇರಿಯ ಕಾಗದ ಹಿಡಿದು ನಿಂತಿದ್ದ ನನಗೆ ಮುಖ ಬಿಸಿಯಾಯಿತು. ಇವಳು ನನ್ನ ಅತ್ತೆ ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅತ್ತೆ, ಇಲ್ಲಿಗೆ ಬರೋ ಕರೆಂಟು ಶಿವನಸಮುದ್ರದ್ದು ಅಂತ ಹೇಳೋಕಾಗಲ್ಲ" ಅಂದೆ. "ಕಲ್ಲಿದ್ದಲಿಂದು, ಗಾಳೀದು, ಬಿಸಿಲಿಂದು ಎಲ್ಲ ಬೆರೆತು ಬರುತ್ತೆ. ನಿಮ್ಮೂರಿಂದು ಒಂದು ತೊಟ್ಟು ಇದ್ದರೆ ಹೆಚ್ಚು. ಸದ್ದು ಬರೋದು ಒಳಗಿನ ಕಬ್ಬಿಣದ ತಗಡು ಅದುರೋದರಿಂದ. ಅದರಲ್ಲಿ ನೀರೂ ಇಲ್ಲ, ತಾತನೂ ಇಲ್ಲ."

ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಔದಾ" ಅಂದಳು. "ಅಂಗಾರೆ ತಕ್ಕೊಂಡೋಗ್ಬುಡಿ" ಅಂದು ಒಳಗೆ ಹೋದಳು.

ಟಿಸಿ ಬೀದಿಯ ಕೊನೆಗೆ ಹೋಯಿತು. ತಿಂಗಳು ಕಳೆದ ಮೇಲೆ ಅವಳ ಮಗ ಫೋನಿನಲ್ಲಿ ಬೇರೇನೋ ಮಾತಾಡುತ್ತಾ, "ಅವ್ವ ಈಗ ಮಧ್ಯಾನ್ನ ಜಗಲೀಲಿ ಕೂರಕಿಲ್ಲ ಕಣಮ್ಮಿ. ಒಳ್ಗೆ ಗೋಡೆ ಕಡೀಕೆ ತಿರಿಗ್ಕಂಡು ಮಲ್ಗಿರ್ತಾಳೆ" ಅಂದ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನೇ ನನಗೆ ನಾನು ಹತ್ತಾರು ಸಲ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಆಷಾಢದಲ್ಲಿ ಹೊಳೆ ತುಂಬಿದ ಸುದ್ದಿ ಬಂದಾಗ ರಜೆ ಹಾಕಿ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಶಿವನಸಮುದ್ರಕ್ಕೆ ಹೊರಟೆ. "ನೀರಿನ ಸದ್ದನ್ನೇ ಕೇಳಿಸ್ತೀನಿ ಬಾ" ಅಂದಿದ್ದೆ. ದಾರಿಯುದ್ದಕ್ಕೂ ಮೋಡ. ಆಲೆಮನೆಯ ಬೆಲ್ಲದ ವಾಸನೆ ಬಂದಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿದಳು.

ಜಲಪಾತದ ಎದುರು ಕಬ್ಬಿಣದ ಕಂಬಿ ಹಿಡಿದು ನಿಂತೆವು. ನೀರಿನ ತುಂತುರು ಹನಿ ಕೂತು ಅವಳ ಮುಖ, ಕೂದಲು ಎಲ್ಲ ಬೆಳ್ಳಗಾಯಿತು. ತುಂಬ ಹೊತ್ತು ಕೇಳಿಸಿಕೊಂಡಳು. ಆಮೇಲೆ ತಲೆಯಾಡಿಸಿದಳು.

"ಇದಲ್ಲ ಕಣವ್ವ."

"ಏನಲ್ಲ?"

"ನಾನು ಕೇಳ್ತಿದ್ದ ಸದ್ದು ಇದಲ್ಲ. ಇದು ಬೋ ಅಂತದೆ. ನೀ ಯೋಳಿದ್ದೇ ದಿಟ."

ನನ್ನ ಮಾತೇ ಗೆದ್ದಿತ್ತು. ಆದರೂ ಯಾರೋ ನನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗಾಯಿತು.

ಸಹೋದ್ಯೋಗಿಯೊಬ್ಬರ ಮೂಲಕ ಪವರ್‌ಹೌಸ್ ನೋಡಲು ಮೊದಲೇ ಅನುಮತಿ ಕೇಳಿಟ್ಟಿದ್ದೆ. ಬೇಡವೇನೋ ಅನ್ನಿಸಿತು. ಬಂದಾಗಿದೆಯಲ್ಲ ಅಂತ ಹೋದೆವು. ಬೆಟ್ಟದ ಇಳಿಜಾರಿನಲ್ಲಿ ಹಳಿಯ ಮೇಲೆ ಸರಿಯುವ ಟ್ರಾಲಿಯಲ್ಲಿ ಕೂರಿಸಿ ನಮ್ಮನ್ನು ಕೆಳಗಿಳಿಸಿದರು. ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಯಂತ್ರಗಳಿದ್ದ ಕಟ್ಟಡದ ಬಾಗಿಲು ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಅವಳ ಹಿಡಿತ ಸಡಿಲವಾಯಿತು. ನನ್ನ ಕೈ ಬಿಟ್ಟು ತಾನೇ ಮುಂದೆ ನಡೆದು ಬಾಗಿಲ ಚೌಕಟ್ಟನ್ನು ತಡಕಿ ಹಿಡಿದಳು.

"ಇದು" ಅಂದಳು. "ಇದೇಯ."

ಒಳಗಿನಿಂದ ಗುಂಯ್ ಅಂತ ಒಂದೇ ಸಮನೆ ಸದ್ದು ಬರುತ್ತಿತ್ತು.

"ಅಪ್ಪಂಗೆ ಬುತ್ತಿ ತರ್ತಿದ್ದೆ. ಒಳೀಕೆ ಬುಡ್ತಿರ್ಲಿಲ್ಲ. ಅವ್ನು ಬರೋಗಂಟ ಇಲ್ಲೇ ಕುಂತಿರ್ತಿದ್ದೆ. ನಿದ್ದೆ ಬಂದ್ಬುಡೋದು."

ಅವಳು ಮೂವತ್ತು ನಲವತ್ತು ವರ್ಷ ಕೇಳಿದ್ದು ಹೊಳೆಯನ್ನಲ್ಲ. ನೀರು ಅನ್ನುತ್ತಿದ್ದಳು, ಅವಳ ಕಿವಿಯಲ್ಲಿ ಉಳಿದಿದ್ದದ್ದು ಈ ಬಾಗಿಲಿನ ಸದ್ದು. ಆಗ ನನಗೆ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಒಂದು ಪಾಠ ನೆನಪಾಯಿತು. ಒಂದೇ ತಂತಿಯ ಬಲೆಗೆ ಸೇರಿದ ಯಂತ್ರಗಳೆಲ್ಲ ಒಂದೇ ಲಯಕ್ಕೆ ಕಟ್ಟುಬಿದ್ದಿರುತ್ತವೆ. ಎಲ್ಲೋ ಕಲ್ಲಿದ್ದಲಿನಲ್ಲಿ ತಿರುಗುವುದೂ ಇಲ್ಲಿ ನೀರಿನಲ್ಲಿ ತಿರುಗುವುದೂ ಒಂದು ಮಿಡಿತಕ್ಕೂ ಹಿಂದೆ ಮುಂದೆ ಆಗುವಂತಿಲ್ಲ. ಕೊಪ್ಪದ ಟಿಸಿಯ ತಗಡು ಅದುರುತ್ತಿದ್ದದ್ದೂ ಅದೇ ಲಯಕ್ಕೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಒಂದು ದಿನವೂ ನಾನದನ್ನು ನಂಬಿರಲಿಲ್ಲ ಅಂತ ಆ ಬಾಗಿಲಲ್ಲಿ ನಿಂತು ಅನ್ನಿಸಿತು.

ಅವಳ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದೆ. "ಅವತ್ತು ನಾನು ಅರ್ಧ ಹೇಳಿದೆ ಅತ್ತೆ. ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು."

ಅವಳು ನನ್ನ ತಪ್ಪಿನ ಕಡೆ ಗಮನವನ್ನೇ ಕೊಡಲಿಲ್ಲ. "ಎಲ್ಲ ಮಿಸೀನೂ ಜತೇಲೇ ತಿರಗ್ತವಾ? ದೂರದೂರಿಂದೂವೆ?"

"ಎಲ್ಲವೂ."

"ನಮ್ಮಪ್ಪ ಒಬ್ನೇ ಕಷ್ಟ ಬೀಳ್ತಾನೆ ಅಂದ್ಕೊಂಡಿದ್ದೆ" ಅಂದಳು. ಅವಳ ಮುಖದಲ್ಲಿ ಹಗುರಾದಂಥ ಏನೋ ಕಂಡಿತು. "ಜತೆಗೆ ಜನ ಅವ್ರೆ ಅಂತಾಯ್ತು. ಒಳ್ಳೇದಾಯ್ತು ಬುಡು."

ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಅವಳು ಅರ್ಧ ಗಂಟೆ ಕೂತಳು. ಅಲ್ಲಿನ ಕೆಲಸಗಾರರೊಬ್ಬರು ಕುರ್ಚಿ ತಂದುಕೊಟ್ಟರೂ ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದೆ. ನನಗೆ ತಾಗಿದ್ದ ಅವಳ ಭುಜ ಸಣ್ಣಗೆ ಅದುರುತ್ತಿತ್ತು. ಯಂತ್ರದ ಅದುರಿಕೆಯೋ ಅಳುವೋ ತಿಳಿಯಲಿಲ್ಲ. ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಮಳವಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದೆ. ಹೋಟೆಲಿನ ಮುಂದೆ ಹೂ ಮಾರುತ್ತಿದ್ದ ಹೆಂಗಸು ಅತ್ತೆಯ ಒದ್ದೆ ಸೆರಗು ನೋಡಿ, "ಎಲ್ಲಿಗೋಗಿದ್ರಿ ಅಜ್ಜಿ, ಇಂಗೆ ನೆಂದಿದೀರಿ?" ಅಂದಳು.

"ತವರಿಗೋಗಿದ್ದೆ ಕಣವ್ವ" ಅಂದಳು ಅತ್ತೆ.

"ಎಲ್ಲಾ ಸೆಂದಾಗವ್ರಾ?"

"ಊಂ. ಕೆಲ್ಸದಲ್ಲಿ ಅವ್ರೆ."

ಹೆಂಗಸು ಒಂದು ಮೊಳ ಮಲ್ಲಿಗೆ ಅಳೆದು ಅವಳ ಕೈಗಿಟ್ಟಳು. ಅತ್ತೆ ಅದನ್ನು ಮೂಸಿ ನೋಡಿ, ನನ್ನ ತಲೆ ತಡಕಿ, ಸೊಟ್ಟಗೆ ಮುಡಿಸಿದಳು. ನಾನು ಅದನ್ನು ಸರಿಮಾಡಿಕೊಳ್ಳದೆ ಗಾಡಿ ಓಡಿಸಿದೆ.